ನಾಲ್ಕು ತುಂಡಿನ ಗಾಳದ ರಾಡ್: ಹೊಳೆಗೂ ಕಡಲಿಗೂ ಒಂದೇ

ಮರವಂತೆ ನೋಡಿದವರಿಗೆ ಗೊತ್ತು. ಹೆದ್ದಾರಿ 66ರ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ರಸ್ತೆ ದಾಟಿದರೆ ನೀರೂ ಬೇರೆ, ಮೀನೂ ಬೇರೆ. ಹೊಳೆ ಬದಿಗೆ 10 ಗ್ರಾಂ ಲೂರ್, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಆಹಾರ, ಸಾಕು, ಕಡಲ ಬದಿಗೆ ಗಾಳಿ ಸೀಳಿಕೊಂಡು ಹೋಗಲು 30 ಗ್ರಾಂ ಜಿಗ್, ಅಂದರೆ ಲೋಹದ ಭಾರದ ಲೂರ್, ಬೇಕು. ಎರಡಕ್ಕೂ ಆಗುವ ಒಂದೇ ರಾಡ್, ಅದೂ ಬೆಂಗಳೂರಿನಿಂದ ಬೆನ್ನಿಗೆ ಹಾಕುವ ಬ್ಯಾಗಿನಲ್ಲೇ ಬರುವಂಥದ್ದು ಬೇಕು ಅಂತ ಆರು ವರ್ಷ ಹುಡುಕಿದೆ. ಜೊತೆಗೆ ಗಾಳ ಹಾಕುವ ಗೆಳೆಯರೆಲ್ಲ ಬೇಡ ಅಂದರು. ತುಂಡು ಜಾಸ್ತಿಯಾದಷ್ಟೂ ಬಲ ಕಡಿಮೆ, ತುಂಡು ತುಂಡು ಸೇರುವ ಕೀಲಿನಲ್ಲೇ ಮುರಿಯುತ್ತದೆ, ದುಡ್ಡು ದಂಡ ಅನ್ನುವುದು ಎಲ್ಲರ ಮಾತು. ಮೊದಲ ಸಲ ನಾಲ್ಕು ತುಂಡಿನ ರಾಡ್ ಬಿಚ್ಚಿ ಜಗಲಿ ಮೇಲೆ ಇಟ್ಟಾಗ ನನ್ನ ಮಾವ, ಅವರು ಐವತ್ತು ವರ್ಷದಿಂದ ಬೀಸುಬಲೆ ಬೀಸಿದವರು, "ಇದೆಂತ ಮಾರಾಯ, ಮುರ್ದ್ ತಂದದ್ದಾ?" ಅಂತ ಕೇಳಿದರು.

ಆ ರಾಡ್‌ಗೆ ಈಗ ಎರಡೂವರೆ ವರ್ಷ. ಕಡಿಮೆ ಅಂದರೂ ಇಪ್ಪತ್ತೈದು ಟ್ರಿಪ್ ಆಗಿದೆ. ಒಂದು ಕೀಲೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ಶುರು ಮಾಡಿದ್ದು ಎಲ್ಲರ ಹಾಗೆ ಟೆಲಿಸ್ಕೋಪಿಕ್ ರಾಡ್‌ನಿಂದ, ಸುಮಾರು 1,400 ರೂಪಾಯಿ. ಮುಚ್ಚಿದರೆ ಒಂದು ಮೊಳ, ನೋಡಲು ಎಷ್ಟು ಚೆಂದ ಅಲ್ವಾ? ಮೂರನೇ ಟ್ರಿಪ್‌ಗೆ ಮರಳು ಒಳಗೆ ಹೋಗಿ ಎರಡು ಭಾಗ ಕಚ್ಚಿಕೊಂಡು ಕೂತವು. ಬಿಸಿನೀರು ಹಾಕಿದೆ, ಎಣ್ಣೆ ಹಾಕಿದೆ, ಕೊನೆಗೆ ತಿರುಚಿ ಎಳೆದಾಗ ಮಧ್ಯದ ಭಾಗ ಉದ್ದುದ್ದಕ್ಕೆ ಸೀಳಿತು. ಅದಕ್ಕೂ ಮೊದಲೇ ಒಂದು ತೊಂದರೆ ಇತ್ತು. ಎಸೆಯುತ್ತ ಎಸೆಯುತ್ತ ಗೈಡ್‌ಗಳು, ಅಂದರೆ ಲೈನ್ ದಾಟುವ ಬಳೆಗಳು, ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು. ಬ್ರೇಡ್, ಅಂದರೆ ಹೆಣೆದ ದಾರ ಹಾಕಿದ್ದರಿಂದ ಲೈನ್ ಅಲ್ಲಲ್ಲಿ ಉಜ್ಜಿ ನೂಲು ನೂಲಾಗಿತ್ತು.

ಆಮೇಲೆ ಎಂಟು ಅಡಿಯ ಎರಡು ತುಂಡಿನ ರಾಡ್ ತೆಗೆದುಕೊಂಡೆ, 3,800 ಇರಬೇಕು. ರಾಡ್ ಒಳ್ಳೆಯದೇ, ಸುಳ್ಳು ಹೇಳಲ್ಲ. ಆದರೆ ಬಿಚ್ಚಿದರೂ ನಾಲ್ಕು ಅಡಿಗಿಂತ ಜಾಸ್ತಿ. ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಪೈಪ್ ತಂದು ಎರಡೂ ತುದಿಗೆ ಮುಚ್ಚಳ ಹಾಕಿ ಕೊಳವೆ ಮಾಡಿದೆ. ಅದೇ ಎರಡು ಕೆಜಿ ಹತ್ತಿರ ಬಂತು. ಆಟೋದಲ್ಲಿ ಅಡ್ಡ, ರೈಲಿನ ಬರ್ತ್‌ನಲ್ಲಿ ಅಡ್ಡ, ಬೈಕಿನಲ್ಲಂತೂ ಕೇಳಲೇಬೇಡಿ. ಒಂದು ಸಲ ಭಾರ ಯಾಕೆ ಅಂತ ಕೊಳವೆ ಬಿಟ್ಟು ಬರೀ ಬಟ್ಟೆ ಚೀಲದಲ್ಲಿ ತಂದು ಬಸ್ಸಿನ ಡಿಕ್ಕಿಯಲ್ಲಿ ಇಟ್ಟೆ. ಬೆಳಿಗ್ಗೆ ಇಳಿದಾಗ ಅದರ ಮೇಲೆ ಯಾರದೋ ಅಕ್ಕಿ ಮೂಟೆ. ತುದಿಯಿಂದ ಹತ್ತು ಇಂಚು ಕೆಳಗೆ ಮುರಿದಿತ್ತು. ಆ ಎರಡು ದಿನ ಬಿಡುವಿಗೆ ನಾಲ್ಕು ತಿಂಗಳು ಕಾದಿದ್ದೆ. ದಡದಲ್ಲಿ ಸುಮ್ನೆ ಕೂತು ವಾಪಸ್ ಬಂದೆ.

ಮೂರನೆಯದು ದೊಡ್ಡ ತಪ್ಪು. ಏಳು ತುಂಡು, ಏಳು ಅಡಿ, ಮಡಚಿದರೆ ಸುಮಾರು 35 ಸೆಂಟಿಮೀಟರ್, ಬೆಲೆ 2,200. ಪ್ಯಾಕಿಂಗ್ ಚಿಕ್ಕದಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಎರಡನೇ ದಿನ ಬೆಳಿಗ್ಗೆ 30 ಗ್ರಾಂ ಜಿಗ್ ಎಸೆಯುವಾಗ ಟಪ್ ಅಂತ ಸದ್ದು, ಮೂರನೇ ಕೀಲಿನಲ್ಲಿ ಹೋಯಿತು. ಮೀನು ಕಚ್ಚಿದ್ದೂ ಅಲ್ಲ, ಬರೀ ಎಸೆತಕ್ಕೆ. ಮನೆಗೆ ತಂದು ನೋಡಿದೆ. ಕೀಲು ಸಡಿಲವಾಗಿ ಸುಮಾರು ಅರ್ಧ ಇಂಚು ಮೇಲೆ ಜಾರಿದೆ, ನಾನು ಗಮನಿಸಿಲ್ಲ, ತೆಳ್ಳಗಿನ ಅಂಚಿನ ಮೇಲೆ ಎಲ್ಲ ಭಾರ ಬಿದ್ದಿದೆ. ಅಂದರೆ ಕೀಲು ಇದ್ದದ್ದಕ್ಕೆ ಮುರಿದದ್ದಲ್ಲ, ಕೀಲು ಬಿಗಿಯಾಗಿ ಕೂರದೆ ಮುರಿದದ್ದು. ಇದು ತಲೆಗೆ ಹೋದ ಮೇಲೆ ನನ್ನ ಹುಡುಕಾಟದ ದಾರಿಯೇ ಬದಲಾಯಿತು.

ನಡುವೆ ಒಂದು ಪ್ರಯೋಗ ಮಾಡಿದೆ. ಆ ಮುರಿದ ಎರಡು ತುಂಡಿನ ರಾಡ್ ಇತ್ತಲ್ಲ, ಅದನ್ನೇ ಕತ್ತರಿಸಿ ನಾಲ್ಕು ಮಾಡಿದರೆ ಹೇಗೆ ಅನ್ನಿಸಿತು. ಹ್ಯಾಕ್‌ಸಾ ಬ್ಲೇಡಿನ ಸಣ್ಣ ಹಲ್ಲಿನದು, ಕತ್ತರಿಸುವ ಜಾಗಕ್ಕೆ ಎರಡು ಸುತ್ತು ಟೇಪ್, ಇಲ್ಲದಿದ್ದರೆ ಕಾರ್ಬನ್ ನಾರು ಎದ್ದು ಬರುತ್ತದೆ. ಒಳಗೆ ಕೂರಿಸಲು ಹಳೆಯ ಗಟ್ಟಿ ಫೈಬರ್‌ಗ್ಲಾಸ್ ರಾಡ್‌ನ ತುಂಡು, ಸ್ಯಾಂಡ್‌ಪೇಪರ್‌ನಲ್ಲಿ ತಿಕ್ಕಿ ತಿಕ್ಕಿ ಸರಿಮಾಡಿದ್ದು. ಕೆಳಗಿನ ತುಂಡಿಗೆ ಅದನ್ನು ಅರಾಲ್ಡೈಟ್ ಹಾಕಿ ಅಂಟಿಸಿದೆ. ಮೇಲಿನ ತುಂಡಿನ ಬಾಯಿಗೆ ದಾರ ಬಿಗಿಯಾಗಿ ಸುತ್ತಿ ಎಪಾಕ್ಸಿ ಬಳಿದೆ. ಈ ದಾರ ಸುತ್ತುವುದು ಅಂದಕ್ಕಲ್ಲ, ಬಾಯಿ ಸೀಳದಿರಲಿ ಅಂತ. ಮೂರು ಭಾನುವಾರ ಹಿಡಿಯಿತು, ಖರ್ಚು ಸಾವಿರ ದಾಟಿತು. ಐದು ಟ್ರಿಪ್ ಚೆನ್ನಾಗಿಯೇ ನಡೆಯಿತು. ಮೂತಿ ಭಾರವಾಗಿ ಮಣಿಕಟ್ಟು ನೋಯುತ್ತಿತ್ತು, ಹಾಗಾಗಿ ಬಿಟ್ಟೆ. ಆದರೆ ಕೀಲು ಅಂದರೆ ಏನು ಅಂತ ಕಲಿತದ್ದು ಆ ಮೂರು ಭಾನುವಾರದಲ್ಲಿ.

ಆಮೇಲೆ ಹೊಸದನ್ನು ಆರಿಸಿದ್ದು ಹೀಗೆ. ಮೊದಲು ರಾಡ್ ನೋಡಲಿಲ್ಲ, ನನ್ನ ಬ್ಯಾಗ್ ಅಳೆದೆ. ನಾನು ಬಳಸುವುದು 65 ಸೆಂಟಿಮೀಟರ್ ಎತ್ತರದ ಬ್ಯಾಗ್. ಎಂಟು ಅಡಿ ಅಂದರೆ 244 ಸೆಂಟಿಮೀಟರ್. ನಾಲ್ಕು ತುಂಡಾದರೆ, ಕೀಲು ಒಂದರೊಳಗೊಂದು ಕೂರುವ ಉದ್ದವೂ ಸೇರಿ 64ರ ಹತ್ತಿರ. ಸಾಕಲ್ವಾ? ಐದು, ಆರು, ಏಳು ತುಂಡು ನನಗೆ ಯಾಕೆ ಬೇಕು? ವಿಮಾನದ ಕ್ಯಾಬಿನ್‌ನಲ್ಲೇ ಒಯ್ಯಬೇಕು ಅನ್ನುವವರ ಲೆಕ್ಕ ಬೇರೆ. ಅಲ್ಲಿ 55 × 35 × 25ರ ಅಳತೆ, ಅಗಲದ ಮಗ್ಗುಲಲ್ಲಿ ಮೂಲೆಯಿಂದ ಮೂಲೆಗೆ ಲೆಕ್ಕದಲ್ಲಿ 65 ಬಂದರೂ ಒಳಗೆ ಅಷ್ಟು ಸಿಗಲ್ಲ. ಅವರಿಗೆ ಏಳು ಅಡಿಯ ನಾಲ್ಕು ತುಂಡು ಸರಿ, 56-57ಕ್ಕೆ ಬರುತ್ತದೆ, ಓರೆಯಾಗಿ ಇಡಬಹುದು. ನಾನು ಪೋರ್ಟ್ ಬ್ಲೇರ್‌ಗೆ ಹೋದಾಗ ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಚೆಕ್-ಇನ್ ಮಾಡಿದೆ. ಲೂರ್, ಗಾಳ, ಪ್ಲೈಯರ್ ಹೇಗಿದ್ದರೂ ಕ್ಯಾಬಿನ್‌ಗೆ ಬಿಡಲ್ಲ.

ಇಂಥ ಪ್ರಯಾಣದ ರಾಡ್‌ಗಳಲ್ಲಿ ಹೆಸರಾದವು ಕೆಲವು ಇವೆ. ಶಿಮಾನೊ ಎಸ್‌ಟಿಸಿ, ಸೇವೇಜ್ ಗೇರ್ ರೋಡ್‌ರನ್ನರ್, ಸೇಂಟ್ ಕ್ರಾಯ್ ಟ್ರಯಂಫ್ ಟ್ರಾವೆಲ್, ಒಕುಮಾ ವಾಯೇಜರ್. ನನ್ನದು ಇವುಗಳಲ್ಲಿ ಒಂದಲ್ಲ. ದುಬೈನಲ್ಲಿರುವ ನನ್ನ ಅಣ್ಣ, ದೊಡ್ಡಪ್ಪನ ಮಗ, ರಜೆಗೆ ಬರುವಾಗ ತಂದುಕೊಟ್ಟದ್ದು. ಎಲ್ಲ ಸೇರಿ 9,500 ಆಗಿರಬೇಕು, ಇಲ್ಲಿ ಅಂಥದ್ದಕ್ಕೆ 13,000 ಹೇಳಿದ್ದರು. ಎಸೆಯಬಹುದಾದ ಲೂರಿನ ತೂಕ 10ರಿಂದ 40 ಗ್ರಾಂ ಅಂತ ಬರೆದಿದೆ. ನಾನು ನೋಡಿದ ಹಾಗೆ 12ಕ್ಕಿಂತ ಕಡಿಮೆಗೆ ರಾಡ್ ಬಾಗುವುದೇ ಇಲ್ಲ, 35 ದಾಟಿದರೆ ಮೆಲ್ಲಗೆ ಎಸೆಯಬೇಕು. 15ರಿಂದ 30ರವರೆಗೆ ಅದರ ಮಜಾ.

ಮನೆಯಲ್ಲಿ ಮಾಡಿದ ಪರೀಕ್ಷೆ ಇದು, ಯಾರು ಬೇಕಾದರೂ ಮಾಡಬಹುದು. ರೀಲ್ ಹಾಕಿ ಲೈನ್ ಎಲ್ಲ ಗೈಡ್‌ನಲ್ಲಿ ದಾಟಿಸಿ ತುದಿಯನ್ನು ಐದು ಲೀಟರ್ ಕ್ಯಾನಿನ ಹಿಡಿಗೆ ಕಟ್ಟಿ. ಕ್ಯಾನಿನಲ್ಲಿ ಎರಡು ಲೀಟರ್ ನೀರು ಸಾಕು. ರಾಡ್ 45 ಡಿಗ್ರಿಗಿಂತ ಮೇಲೆ ಎತ್ತದೆ ನಿಧಾನ ಎಳೆಯಿರಿ. ಮಗಳು ಬಿಳಿ ಗೋಡೆ ಎದುರು ಮೊಬೈಲಿನಲ್ಲಿ ಫೋಟೊ ತೆಗೆದಳು. ಏಳು ತುಂಡಿನದ್ದರ ಫೋಟೊ ನನ್ನ ಹತ್ತಿರ ಈಗಲೂ ಇದೆ. ಕೀಲು ಇದ್ದಲ್ಲೆಲ್ಲ ನೆಟ್ಟಗೆ, ಕೀಲು ಮುಗಿದಲ್ಲಿ ಸಟ್ಟನೆ ಬಾಗಿದೆ. ಹೊಸದರ ಫೋಟೊದಲ್ಲಿ ಕೀಲು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಕು. ಆ ಫೋಟೊ ನೋಡಿಯೇ ನನಗೆ ಧೈರ್ಯ ಬಂದದ್ದು. ಅದನ್ನು ಗೆಳೆಯರಿಗೂ ಕಳಿಸಿದೆ. ಆದರೂ ಒಬ್ಬನೂ ಒಪ್ಪಲಿಲ್ಲ, ಕ್ಯಾನು ಮೀನಲ್ಲ ಅಂದರು.

ಅವರು ಒಪ್ಪಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಪಂಚಗಂಗಾ ರೈಲಿನಲ್ಲಿ ಕುಂದಾಪುರಕ್ಕೆ ಇಳಿದೆವು, ನನ್ನ ಬೆನ್ನಿಗೆ ಒಂದೇ ಬ್ಯಾಗ್, ಅವರ ಕೈಯಲ್ಲಿ ಉದ್ದುದ್ದ ಕೊಳವೆ. ಸಂಜೆ ಹೊಳೆ ಬದಿಯಲ್ಲಿ, ಜಾಗ ಹೇಳಲ್ಲ, ಕಲ್ಲಿನ ಬುಡಕ್ಕೆ ಲೂರ್ ಬಿಟ್ಟು ಎರಡು ಸಲ ಎಳೆದದ್ದೇ ತಡ, ಕೆಂಬೇರಿ ಹೊಡೆಯಿತು. ಕೆಂಬೇರಿ ಮೀನು ಗೊತ್ತಲ್ಲ, ಕಚ್ಚಿದ ಕೂಡಲೇ ತಿರುಗಿ ಕಲ್ಲಿನ ಸಂದಿಗೆ ಓಡುತ್ತದೆ. ಮೊದಲ ಮೂರು ಸೆಕೆಂಡಿನಲ್ಲಿ ತಡೆದರೆ ಉಂಟು, ಇಲ್ಲದಿದ್ದರೆ ಲೈನೂ ಇಲ್ಲ ಲೂರೂ ಇಲ್ಲ. ಡ್ರ್ಯಾಗ್, ಅಂದರೆ ಲೈನ್ ಸರಾಗ ಹೋಗದಂತೆ ತಡೆಯುವ ರೀಲಿನ ಹಿಡಿತ, ಬಿಗಿ ಇಟ್ಟಿದ್ದೆ, ರಾಡ್ ಹಿಡಿಯವರೆಗೂ ಬಾಗಿತು, ಕೈಗೆ ಅದರ ತಲೆ ಒದರುವುದು ಒಂದೊಂದೂ ತಿಳಿಯುತ್ತಿತ್ತು, ಆದರೆ ಸಂದಿಗೆ ಬಿಡಲಿಲ್ಲ. ಮೂರು ಕೆಜಿಗೆ ಸ್ವಲ್ಪ ಕಡಿಮೆ. ಮರುದಿನ ಬೆಳಿಗ್ಗೆ ಅದೇ ರಾಡ್‌ನಲ್ಲಿ ಕಡಲ ಬದಿಯಿಂದ 28 ಗ್ರಾಂ ಜಿಗ್‌ಗೆ ಕೊಕ್ಕರ್ ಮೀನು, ನಾಲ್ಕು ಕೆಜಿ ಹತ್ತಿರ, ಹತ್ತು ನಿಮಿಷ ಆಡಿಸಿತು. ಕೊನೆಗೆ ಕಲ್ಲಿನ ಬುಡಕ್ಕೆ ಬಂದಾಗ ನಾನು ರಾಡ್ ಮೇಲೆತ್ತಲಿಲ್ಲ, ಗೆಳೆಯ ಕೆಳಗಿಳಿದು ಲೀಡರ್, ಅಂದರೆ ಲೈನಿನ ತುದಿಯ ಗಟ್ಟಿ ದಾರ, ಹಿಡಿದ. ಎಷ್ಟೋ ರಾಡ್ ಮುರಿಯುವುದು ಅಲ್ಲೇ, ಮೀನು ಕಾಲಬುಡದಲ್ಲಿದ್ದಾಗ ನೆಟ್ಟಗೆ ಎತ್ತಲು ಹೋಗಿ. ಆ ಕೊಕ್ಕರ್ ಸಾರು ತಿನ್ನುವಾಗ ಮಾವ ರಾಡಿನ ಬಗ್ಗೆ ಏನೂ ಹೇಳಲಿಲ್ಲ, ಊಟ ಆದ ಮೇಲೆ ಎತ್ತಿಕೊಂಡು ಒಂದೊಂದೇ ಕೀಲು ಬಿಚ್ಚಿ ನೋಡಿದರು.

ಕೀಲಿಗೆ ನಾನು ಮಾಡುವುದು ಇಷ್ಟು. ಒರೆಸಿ ಒಣಗಿಸಿ ಮೇಣದಬತ್ತಿ ತಿಕ್ಕುತ್ತೇನೆ. ಬರೀ ಮೇಣ ಅಲ್ಲ, ಅದಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಎಣ್ಣೆ ಮಾತ್ರ ಬೇಡ, ಜಾರುತ್ತದೆ. ತುಂಡನ್ನು ಕಾಲು ಸುತ್ತು ಓರೆ ಇಟ್ಟು, ಒತ್ತುತ್ತ ಗೈಡ್ ಸಾಲಿಗೆ ತಿರುಗಿಸಿದರೆ ಬಿಗಿಯಾಗಿ ಕೂರುತ್ತದೆ. ಹದಿನೈದು ಇಪ್ಪತ್ತು ಎಸೆತಕ್ಕೊಮ್ಮೆ ಕೆಳಗಿನಿಂದ ಮೇಲಿನವರೆಗೆ ಒತ್ತಿ ನೋಡಬೇಕು. ಎಸೆಯುವಾಗ ಟಿಕ್ ಅಂತ ಸದ್ದು ಬಂದರೆ ಆ ಕ್ಷಣ ನಿಲ್ಲಿಸಿ. ಕಚ್ಚಿಕೊಂಡ ಕೀಲು ಬಿಡಿಸಲು ರಾಡನ್ನು ಮೊಣಕಾಲಿನ ಹಿಂದೆ ಅಡ್ಡ ಹಿಡಿದು, ಕೈ ಮೊಣಕಾಲಿನ ಹೊರಗಿಟ್ಟು, ಮೊಣಕಾಲು ಅಗಲಿಸಿ. ಕೈ ಬಲ ಬೇಕಿಲ್ಲ, ತಿರುಚುವುದೂ ಬೇಡ.

ಇನ್ನೊಂದು ಹೇಳಲು ಮರೆತೆ. ಮಂಡ್ಯ ಕಡೆ ಕೆರೆಯಲ್ಲಿ ಕೊರವ ಮೀನಿಗೂ ಇದೇ ರಾಡ್ ಒಯ್ದಿದ್ದೆ, ಗುತ್ತಿಗೆ ಹಿಡಿದವರನ್ನು ಕೇಳಿಕೊಂಡೇ. ಕಪ್ಪೆ ಲೂರ್ 12 ಗ್ರಾಂ. ಎಸೆಯಲು ಚೆನ್ನ, ಆದರೆ ತಾವರೆ ಬಳ್ಳಿಯೊಳಗಿಂದ ಮೀನು ಎಳೆಯಲು ತುದಿ ಮೆತ್ತಗಾಯಿತು, ಎರಡು ಕಳೆದುಕೊಂಡೆ. ಅಲ್ಲಿಗೆ ಗಟ್ಟಿ ರಾಡೇ ಬೇಕು. ಹೊಳೆಯ ಸಣ್ಣ ಲೂರ್‌ಗೆ ಬೇರೊಂದು ಮುರಿದ ರಾಡ್‌ನ ತುದಿಯನ್ನು ಇದಕ್ಕೆ ಹೊಂದಿಸಿದ್ದೇನೆ, ಅದರಲ್ಲಿ 6-7 ಗ್ರಾಂ ಕೂಡ ಹಾರುತ್ತದೆ. ಹೇಗೆ ಹೊಂದಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅಂಡಮಾನ್‌ನಲ್ಲಿ ದೊಡ್ಡ ಪಾಪರ್, ಅಂದರೆ ನೀರಿನ ಮೇಲೆ ಸದ್ದು ಮಾಡುವ ಲೂರ್, ಎಸೆಯುವವರಿಗೆ ಈ ರಾಡ್ ಅಲ್ಲವೇ ಅಲ್ಲ. ನಾನು ಅಲ್ಲಿ ದಡದಿಂದ ಸಣ್ಣ ಮೀನಿಗಷ್ಟೇ ಬಳಸಿದೆ.

ಈಗ ಎರಡನೇ ಕೀಲಿನ ಮೇಲೆ ಕಣ್ಣಿದೆ. ಹೊಸದರಲ್ಲಿ ಒಳಕೋಲು, ಅಂದರೆ ಕೆಳಗಿನ ತುಂಡಿನಿಂದ ಮೇಲಿನದರ ಬಾಯಿಗೆ ಕೂರುವ ಕೋಲು, 7 ಮಿಲಿಮೀಟರ್‌ನಷ್ಟು ಹೊರಗೆ ಕಾಣುತ್ತಿತ್ತು. ಸವೆದು ಸವೆದು ಈಗ 2ಕ್ಕೆ ಬಂದಿದೆ. ಆ ಸಂದಿ ಪೂರ್ತಿ ಮುಚ್ಚಿದರೆ ಕೀಲು ಬಿಗಿಯಾಗಲ್ಲ. ಮಳೆಗಾಲ ಶುರುವಾದರೆ ಕಡಲಿಗೆ ಹೇಗೂ ಇಳಿಯಲ್ಲ, ಆಗ ಮೇಲಿನ ತುಂಡಿನ ಬಾಯಿಯ ದಾರ ಬಿಚ್ಚಿ, 4 ಮಿಲಿಮೀಟರ್ ತಿಕ್ಕಿ ತೆಗೆದು, ಮತ್ತೆ ದಾರ ಸುತ್ತಬೇಕು.