ಹುಲ್ಲಿನ ಸಸಿಗೆ ನೆರಳೆಷ್ಟು, ಬಿಸಿಲೆಷ್ಟು?

ಕೊಪ್ಪಳದ ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಕೆಂಗುರಿ ಕುರಿಗಳಿಗೆಂದು ಅಂಜನ ಹುಲ್ಲು ಬೆಳೆಯಲು ಹೊರಟಾಗ, ಸಸಿಮಡಿಯನ್ನು ಬೇವಿನ ಮರದ ಕೆಳಗೆ ಮಾಡಿದ್ದೆ. ಬಿಸಿಲಿಗೆ ಸುಟ್ಟು ಹೋದಾವು ಎಂಬ ಭಯ. ಸಸಿಗಳು ಸರಸರ ಎತ್ತರ ಬಂದವು. ಹೊಲಕ್ಕೆ ನಾಟಿ ಮಾಡಿದ ವಾರದಲ್ಲೇ ಎಷ್ಟೋ ಸಸಿ ಮಲಗಿಬಿಟ್ಟವು. ಕಿತ್ತು ನೋಡಿದರೆ ಬೇರು ನಾಲ್ಕೆಳೆ ಅಷ್ಟೇ.

ಯಾಕೆ ಹೀಗೆ? ಮರದ ಎಲೆಗಳು ಕೆಂಪು ಬೆಳಕನ್ನು ಹೀರಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ದೂರ-ಕೆಂಪು ಬೆಳಕನ್ನು ಮಾತ್ರ ಜಾಸ್ತಿ ಕೆಳಗೆ ಬಿಡುತ್ತವೆ. ಈ ವ್ಯತ್ಯಾಸ ಸಸಿಗೆ ಗೊತ್ತಾಗುತ್ತದೆ. ತಲೆಯ ಮೇಲೆ ಬೇರೆ ಗಿಡ ಇದೆ ಎಂದು ತಿಳಿದು, ಇದ್ದ ಶಕ್ತಿಯನ್ನೆಲ್ಲ ಎತ್ತರಕ್ಕೆ ಸುರಿಯುತ್ತದೆ. ಎಲೆ ಅಗಲವಾದರೂ ತೆಳು. ಬೇರಿಗೆ, ಬುಡದಿಂದ ಒಡೆಯುವ ತೆಂಡೆಗೆ ಏನೂ ಉಳಿಯುವುದಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟಾಗ ಕಾಪಾಡುವುದೇ ಬೇರು, ಅಲ್ವಾ?

ಹಾಗಾಗಿ ಮಡಿಯನ್ನು ಬಯಲಲ್ಲೇ ಮಾಡಿ. ಮುಂಗಾರು ಹಿಡಿದ ಮೇಲೆ, ಜೂನ್‌ನಲ್ಲಿ. ಅಂಜನದ ಬೀಜ ಹಗುರ, ಗಾಳಿಗೆ ಹಾರುತ್ತದೆ. ಹಸಿ ಮರಳಿನಲ್ಲಿ ಕಲಸಿ ಚೆಲ್ಲಿ. ಮೇಲೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಮಣ್ಣು ಸಾಕು. ತೆಳ್ಳಗೆ ಒಣಹುಲ್ಲು ಹೊದಿಸಿ ನೀರು ಚಿಮುಕಿಸಿ.

ಮೊಳಕೆ ಕಂಡ ದಿನ ಸಂಜೆಯೇ ಆ ಹುಲ್ಲು ತೆಗೆಯಬೇಕು. ಎರಡು ದಿನ ತಡವಾದರೂ ಸಸಿ ಬಿಳಿಚಿಕೊಂಡು ಉದ್ದವಾಗುತ್ತದೆ. ಆಮೇಲೆ ಸುಮಾರು ಹತ್ತು ದಿನ, ಮಧ್ಯಾಹ್ನದ ಹೊತ್ತಿಗೆ ಮಾತ್ರ ಶೇ 50ರ ಕಪ್ಪು ಶೇಡ್ ನೆಟ್ ಕಟ್ಟಿ. ಕಪ್ಪು ನೆಟ್ ಬಿಸಿಲನ್ನು ಕಡಿಮೆ ಮಾಡುತ್ತದೆ, ಬೆಳಕಿನ ಬಣ್ಣವನ್ನು ಕೆಡಿಸುವುದಿಲ್ಲ. ಮರದ ನೆರಳಿಗಿಂತ ಅದು ಮೇಲು. ನಂತರ ದಿನಕ್ಕೊಂದು ತಾಸು ಕಡಿಮೆ ಮಾಡುತ್ತಾ ನೆಟ್ ಬಿಡಿಸಿ. ತಿಂಗಳ ಸಸಿಯನ್ನು, ಮಣ್ಣು ಹಸಿಯಿರುವಾಗ, ಸಾಲಿಗೆ ಒಂದೂವರೆ ಅಡಿ ಅಂತರ ಬಿಟ್ಟು ನಾಟಿ ಮಾಡಿ. ನಾಟಿಗೆ ಮೊದಲು ಒಂದೆರಡು ಸಸಿ ಕಿತ್ತು ಬೇರು ನೋಡಿ. ಎತ್ತರ ನೋಡಿ ಮೋಸ ಹೋಗಬೇಡಿ.

ಬದುವಿನ ಮರದಡಿಯ ಜಾಗ ಸುಮ್ನೆ ಬಿಡಬೇಕಿಲ್ಲ. ಅಲ್ಲಿ ಗಿನಿ ಹುಲ್ಲಿನ ಬೇರುತುಂಡು ನೆಡಿ, ಅದು ಅರೆನೆರಳನ್ನು ತಾಳುತ್ತದೆ. ಸ್ಟೈಲೋ ಎಂಬ ದ್ವಿದಳ ಮೇವು ಹಾಕುವವರು ಇನ್ನೊಂದು ನೆನಪಿಡಿ: ಅದರ ಸಸಿ ಮೊದಮೊದಲು ಬಲು ನಿಧಾನ. ಪಕ್ಕದ ಹುಲ್ಲು, ಕಳೆ ಅದರ ಮೇಲೆ ನೆರಳು ಚೆಲ್ಲುವ ಮೊದಲೇ ಕುಡುಗೋಲು ಹಿಡಿಯಿರಿ.