ಓವನ್ ಹಾಕಿದರೆ ಮನೆಯೆಲ್ಲ ಕತ್ತಲೆ: ನನ್ನ ಅನುಭವ

ಹಳೆಯ ಮನೆಗೆ ಹೊಸದಾಗಿ ಅರ್ಥಿಂಗ್ ಮಾಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕರೆಂಟು ಕಡಿತಗೊಳಿಸುವ ಸುರಕ್ಷಾ ಸ್ವಿಚ್) ಕೂರಿಸಿದ ಮೇಲೆ, ಅಡುಗೆಮನೆಯ 2000 ವ್ಯಾಟ್ ಓವನ್ ಹಾಕಿದ ಕೂಡಲೇ ಅದು ಟ್ರಿಪ್ ಆಗುತ್ತಿತ್ತು. ಮೊಬೈಲ್ ಚಾರ್ಜರ್ ಹಾಕಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಓವನ್ನೇ ಕೆಟ್ಟಿದೆ ಎಂದು ಹಲವರು ಹೇಳಿದರೂ ನನಗೆ ನಂಬಿಕೆ ಬರಲಿಲ್ಲ.

ಮೇನ್ ಮತ್ತು ಆರ್‌ಸಿಸಿಬಿ ಎರಡನ್ನೂ ಆಫ್ ಮಾಡಿ, ಪ್ಲಗ್‌ಗಳನ್ನೆಲ್ಲ ಕಿತ್ತು, ಮನೆಯೊಳಗೆ ಹೋಗುವ ನ್ಯೂಟ್ರಲ್‌ಗೂ (ಕರೆಂಟು ಮರಳುವ ವೈರು) ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಹಿಡಿದಾಗ ರೋಧ ಹೆಚ್ಚುಕಡಿಮೆ ಸೊನ್ನೆ ತೋರಿಸಿತು. ಓವನ್‌ನ ಸಾಕೆಟ್ ಬಿಚ್ಚಿದರೆ ಬೆರಳುದ್ದದ ಕಪ್ಪು ವೈರು ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಸೇರಿತ್ತು. ಅರ್ಥ್ ಇಲ್ಲದ ಕಾಲದಲ್ಲಿ ಯಾರೋ ಮಾಡಿದ್ದ ಈ 'ಉಪಾಯ' ನಿಜಕ್ಕೂ ಅಪಾಯಕಾರಿ: ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಓವನ್‌ನ ಲೋಹದ ಮೈಗೇ ಕರೆಂಟು ಬರುತ್ತದೆ. ಈಗ ನಿಜವಾದ ಅರ್ಥ್ ಸೇರಿದ್ದರಿಂದ, ನ್ಯೂಟ್ರಲ್‌ನಲ್ಲಿ ಮರಳಬೇಕಾದ ವಿದ್ಯುತ್ತಿನ ಒಂದು ಪಾಲು ನೆಲದ ದಾರಿ ಹಿಡಿಯುತ್ತಿತ್ತು. ಹೊರೆ ದೊಡ್ಡದಾದಾಗ ಆ ಪಾಲೂ ಹೆಚ್ಚಿ, ಹೋಗುವ ಮತ್ತು ಬರುವ ವಿದ್ಯುತ್ತಿನ ವ್ಯತ್ಯಾಸವನ್ನು ಆರ್‌ಸಿಸಿಬಿ ಗುರುತಿಸಿ ಸರಿಯಾಗಿಯೇ ಕಡಿತಗೊಳಿಸುತ್ತಿತ್ತು.

ಆ ತುಂಡನ್ನು ತೆಗೆದ ಮೇಲೆ ಟ್ರಿಪ್ ನಿಂತಿತು. ಆದರೆ ಸುಮಾರು 8.7 ಆಂಪಿಯರ್ ಎಳೆಯುವ ಓವನ್ 6 ಆಂಪಿಯರ್ ಸಾಕೆಟ್‌ನಲ್ಲಿ, ಕನ್ವರ್ಟರ್ ಪ್ಲಗ್‌ನ ಮೂಲಕ ನಡೆಯುತ್ತಿತ್ತು. ಪ್ಲಗ್‌ನ ಅಂಚು ಆಗಲೇ ಕಂದಿತ್ತು. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಡಿಬಿ, ಅಂದರೆ ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆಯಿಂದಲೇ 4 ಚದರ ಮಿಲಿಮೀಟರ್ ತಾಮ್ರದ ವೈರಿನ ಪ್ರತ್ಯೇಕ ಲೈನ್ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿದೆ. ಈಗ ಓವನ್ ಹಾಕಿದರೂ ಆರ್‌ಸಿಸಿಬಿ ಆನ್ ಆಗಿಯೇ ಇರುತ್ತದೆ, ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಟ್ರಿಪ್ ಆಗುತ್ತದೆ.