ಫೀಲ್ಡಿಗೆ ಇಳಿಯುವ ಮುನ್ನ: ಹೊಸ ಸಮಾಜ ಕಾರ್ಯಕರ್ತರು ಕೇಳಿ ಪಡೆಯಬೇಕಾದದ್ದು

ಎಂ.ಎಸ್.ಡಬ್ಲ್ಯೂ. (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ದಾವಣಗೆರೆ, ಚಿತ್ರದುರ್ಗದ ಸಂಸ್ಥೆಗಳಿಗೆ ಸೇರುವವರಿಗೆ ಮೊದಲ ದಿನ ಸಿಗುವುದು ಐಡಿ ಕಾರ್ಡು, ವಾಟ್ಸಾಪ್ ಗ್ರೂಪು, ಜೊತೆಗೆ "ನಾವೆಲ್ಲ ಒಂದೇ ಮನೆಯವರು" ಅನ್ನೋ ಮಾತು. ಮಾತು ಇರಲಿ, ನೇಮಕಾತಿ ಪತ್ರ ಕೇಳಿ. ಹುದ್ದೆ, ಯೋಜನೆ ಮುಗಿಯುವ ದಿನಾಂಕ, ರಜೆ, ನೋಟಿಸ್ ಅವಧಿ, ಪ್ರಯಾಣ ಭತ್ಯೆಯ (ಟಿಎ) ದರ ಅದರಲ್ಲಿ ಇರಲೇಬೇಕು.

ಸಂಬಳ 15,000 ಎಂದರೆ ಕೈಗೆಷ್ಟು ಎಂದು ಅಲ್ಲೇ ಲೆಕ್ಕ ಹಾಕಿ. ಪೂರ್ತಿ ಮೊತ್ತದ ಮೇಲೆ ಪಿಎಫ್ 12% ಅಂದರೆ 1,800, ಆರೋಗ್ಯ ವಿಮೆಯ ಇಎಸ್‌ಐ 0.75% ಅಂದರೆ 113 ರೂಪಾಯಿ ಹೋಗಿ 13,087 ಉಳಿಯಬೇಕು. ಅದಕ್ಕಿಂತ ಕಡಿಮೆ ಬಂದರೆ ಸಂಸ್ಥೆ ತನ್ನ ಪಾಲಿನ ಪಿಎಫನ್ನೂ ನಿಮ್ಮ ಸಂಬಳದಿಂದಲೇ ಮುರಿಯುತ್ತಿದೆಯಾ ನೋಡಿ; ಹಾಗೆ ಮುರಿಯುವಂತಿಲ್ಲ. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆಯೂ ಇಲ್ಲ. ಮುರಿದ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಆ ದಿನ ಕಳೆದ ಮೇಲೆ ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆಗೆದು ನೋಡುವುದು ಅಭ್ಯಾಸವಾಗಲಿ. ದಿನಾ ಹತ್ತಕ್ಕೆ ಹಾಜರಿ ಹಾಕಿಸಿ, ಸಂಬಳದ ದಿನ ಮಾತ್ರ "ನೀವು ಕನ್ಸಲ್ಟೆಂಟ್" ಎಂದು 10% ಟಿಡಿಎಸ್ ಹಿಡಿಯುವ ಕಡೆ ಪಿಎಫೂ ಇಲ್ಲ, ಇಎಸ್‌ಐಯೂ ಇಲ್ಲ. ಇದನ್ನು ಸೇರುವ ಮೊದಲೇ ತಿಳಿದುಕೊಳ್ಳಿ.

ಇನ್ನು ಓಡಾಟ. ಜಗಳೂರು, ಮೊಳಕಾಲ್ಮೂರು ಕಡೆ ಒಳಹಳ್ಳಿಗೆ ಬಸ್ಸು ಕಡಿಮೆ, ಬಂದರೂ ಹಲವು ಖಾಸಗಿ. ಹೆಣ್ಣುಮಕ್ಕಳಿಗೆ "ಶಕ್ತಿ ಇದೆಯಲ್ಲ, ಟಿಎ ಯಾಕೆ" ಎನ್ನುವ ಸಂಯೋಜಕರಿದ್ದಾರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸು, ಆಟೋ ದುಡ್ಡು ನಿಮ್ಮ ಜೇಬಿನದು. ಬೈಕಾದರೆ, ಲೀಟರಿಗೆ 45 ಕಿ.ಮೀ. ಓಡುವ ಗಾಡಿಗೂ ಪೆಟ್ರೋಲ್ ಖರ್ಚೇ ಕಿ.ಮೀ.ಗೆ ಎರಡು ರೂಪಾಯಿ ದಾಟುತ್ತದೆ, ಟೈರು, ಆಯಿಲ್, ಸರ್ವಿಸ್ ಬೇರೆ. ಮೂರು ರೂಪಾಯಿಗೆ ಒಪ್ಪಿದರೆ ಕೈಯಿಂದ ಹಾಕುತ್ತಿದ್ದೀರಿ ಅಂತಲೇ ಅರ್ಥ. ಹೊರಡುವಾಗ, ಬಂದಾಗ ಮೀಟರಿನ ಫೋಟೊ ತೆಗೆಯಿರಿ. ದಿನಾಂಕ, ಊರು, ಕೆಲಸ, ಕಿ.ಮೀ. ಅವತ್ತೇ ಬರೆಯಿರಿ. ತಿಂಗಳ ಕೊನೆಗೆ ನೆನಪಿನಿಂದ ಬರೆದ ಬಿಲ್ಲಿಗೆ ಲೆಕ್ಕ ವಿಭಾಗ ಕತ್ತರಿ ಹಾಕುತ್ತದೆ, ಅದಕ್ಕೆ ಅವರನ್ನು ಬೈಯಲೂ ಆಗದು.

ಹೆಚ್ಚು ಅಪಾಯ ಬಾಲ್ಯವಿವಾಹ ತಡೆಯುವಲ್ಲಿ. ಸುದ್ದಿ ಬಂದ ಕೂಡಲೇ ಬೈಕ್ ಹತ್ತಿ ಒಬ್ಬರೇ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆಯಲು ಹೊರಟರೆ ಪೆಟ್ಟು ತಿನ್ನುವವರು ನೀವು, ಮದುವೆ ಮಾತ್ರ ರಾತ್ರೋರಾತ್ರಿ ಬೇರೆ ಊರಿನ ಗುಡಿಯಲ್ಲಿ ಆಗಿರುತ್ತದೆ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮತ್ತು ಪೊಲೀಸ್ ಠಾಣೆಗೆ ತಿಳಿಸಿ. ಶಾಲೆಯ ದಾಖಲಾತಿ ಪುಸ್ತಕದಿಂದ ಹುಡುಗಿಯ ಜನ್ಮದಿನಾಂಕ ತರಿಸಿಕೊಂಡೇ ಹೊರಡಿ. ಮುಹೂರ್ತಕ್ಕೆ ಹೋದರೆ ಚಪ್ಪರದಡಿ ಜಗಳ ಗ್ಯಾರಂಟಿ, ಹಿಂದಿನ ದಿನವೇ ಹೋಗುವುದು ಒಳ್ಳೆಯದು. ಅದೇ ಊರಿನ ಸಿಬ್ಬಂದಿಯನ್ನು ಮುಂದೆ ನಿಲ್ಲಿಸಬೇಡಿ. ನೀವು ಜೀಪು ಹತ್ತಿ ಬರುತ್ತೀರಿ, ಅವರು ನಾಳೆಯೂ ಆ ನಲ್ಲಿಗೇ ನೀರಿಗೆ ಹೋಗಬೇಕು.

ಕೆಲವು ಗೊಲ್ಲರಹಟ್ಟಿಗಳಲ್ಲಿ (ಗೊಲ್ಲ ಸಮುದಾಯದ ಹಟ್ಟಿಗಳು) ಒಳಗೆ ಬಿಡುವ ಮುನ್ನ ಕಾರ್ಯಕರ್ತೆಯನ್ನು ಮುಟ್ಟಿನ ಬಗ್ಗೆ ಕೇಳುವುದುಂಟು. ಉತ್ತರಿಸುವ ಹೊಣೆ ನಿಮ್ಮದಲ್ಲ. ಸಭೆಯನ್ನು ಶಾಲೆಗೋ ಅಂಗನವಾಡಿಗೋ ಬದಲಿಸಿ. ಇದನ್ನು ತಂಡದ ಮುಖ್ಯಸ್ಥರೇ ಮೊದಲು ಹೋಗಿ ಮಾತಾಡಿ ನಿಗದಿ ಮಾಡಬೇಕು, ಹೊಸ ಹುಡುಗಿಯ ತಲೆಗೆ ಕಟ್ಟಬಾರದು.

ಕಚೇರಿಯೊಳಗಿನ ಮಾತಿಗೆ ಬಂದರೆ, ಯಾರನ್ನು ತಮ್ಮವರೆಂದು ಎಣಿಸಿದ್ದಾರೆ ಅನ್ನೋದು ಟೀ ಲೋಟದಲ್ಲೇ ಗೊತ್ತಾಗುತ್ತದೆ. ಟೀ ತರುವುದು, ಲೋಟ ತೊಳೆಯುವುದು ಯಾವಾಗಲೂ ಕಿರಿಯರ, ಅದರಲ್ಲೂ ಒಂದೇ ಜಾತಿಯವರ ಪಾಲಿಗೆ ಬರುತ್ತಿದ್ದರೆ ಸರದಿ ಪಟ್ಟಿ ಗೋಡೆಗೆ ಅಂಟಿಸಲು ಹೇಳಿ, ನಿರ್ದೇಶಕರ ಹೆಸರೂ ಅದರಲ್ಲಿರಲಿ. ಕಷ್ಟದ ಕೇಸುಗಳ ಚರ್ಚೆಗೆ ಹದಿನೈದು ದಿನಕ್ಕೊಂದು ಗಂಟೆ ಬೇರೆಯೇ ಕೇಳಿ. ಟಾರ್ಗೆಟ್ ರಿವ್ಯೂ ಜೊತೆ ಸೇರಿಸಿದರೆ ಸಂಖ್ಯೆಯೇ ಸಮಯ ತಿಂದುಹಾಕುತ್ತದೆ, ಮಗುವಿನ ಕಥೆ ಕೇಳಿ ನಿದ್ದೆ ಬಾರದವರು ಬಾಯಿಬಿಡುವುದೇ ಇಲ್ಲ. ಗ್ರೂಪಿನಲ್ಲಿ ಎಲ್ಲರೆದುರು ಬೈಯುವುದಕ್ಕೆ ಗ್ರೂಪಿನಲ್ಲೇ ಉತ್ತರಿಸಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಇಮೇಲ್ ಬರೆಯಿರಿ.

ಲೈಂಗಿಕ ಕಿರುಕುಳವಾದರೆ, ಕೆಲಸದ ಸ್ಥಳದಲ್ಲಿ ಅದನ್ನು ತಡೆಯುವ 2013ರ ಕಾಯ್ದೆ ಫೀಲ್ಡಿಗೂ, ಸಂಸ್ಥೆಯ ಗಾಡಿಗೂ ಅನ್ವಯಿಸುತ್ತದೆ. ಹತ್ತು ಮಂದಿಗಿಂತ ಕಡಿಮೆ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರದು, ಆಗ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಗಡುವು ಮೂರು ತಿಂಗಳು, ಕಾರಣ ಸರಿಯಿದ್ದರೆ ಇನ್ನೂ ಮೂರು. ದೂರು ಲಿಖಿತವಾಗಿರಲಿ, ಸ್ವೀಕೃತಿ ಸಹಿ ಹಾಕಿಸಿಕೊಂಡ ಪ್ರತಿ ಮನೆಯಲ್ಲಿರಲಿ, ಕಚೇರಿಯ ಕಪಾಟಿನಲ್ಲಿ ಬೇಡ.